ನನ್ನ ಮರದ ನೆರಳು, ಷಡ್ಡಕನ ಹೋಸ್ಟಾ

ನನ್ನ ಷಡ್ಡಕ ಕೆಟ್ಟವನಾಗಿದ್ದರೆ ನನ್ನ ಬದುಕು ಎಷ್ಟೋ ಸಲೀಸಾಗಿರುತ್ತಿತ್ತು. ಕುಡಿಯುವುದಿಲ್ಲ, ಇಸ್ಪೀಟಾಡುವುದಿಲ್ಲ, ಇನ್ನೊಬ್ಬರ ವಿಷಯ ಆಡಿಕೊಳ್ಳುವುದಿಲ್ಲ. ಹೆಂಡತಿಯ ಮೇಲೆ ದನಿ ಎತ್ತಿದ್ದನ್ನು ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಸಲವೂ ಕೇಳಿಲ್ಲ. ನಡುವಿನ ಗೋಡೆಗೆ ಕಿವಿಯಿಟ್ಟು ಕೇಳಿದ್ದೇನೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಎದುರಿಗೆ ಅವನನ್ನು ‘ಭಾವ, ನೀವು’ ಎನ್ನುತ್ತೇನೆ, ಬೆನ್ನ ಹಿಂದೆ ‘ಅವನು’. ಇದು ಬೆನ್ನ ಹಿಂದೆ ಬರೆಯುತ್ತಿರುವುದಾದ್ದರಿಂದ ಅವನು ಎಂದೇ ಇರಲಿ.

ಅವನ ಹೆಂಡತಿ ಅಕ್ಕ, ನನ್ನ ಹೆಂಡತಿ ತಂಗಿ. ಮಾವ ತಾವು ಕಟ್ಟಿಸಿದ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಇಬ್ಬರು ಹೆಣ್ಣುಮಕ್ಕಳಿಗೂ ಹಂಚಿದರು. ಹಿತ್ತಲಿಗೆ ಬರುವಷ್ಟರಲ್ಲಿ ಇಟ್ಟಿಗೆ ಮುಗಿದು ಸೊಂಟದೆತ್ತರದ ತಂತಿಬೇಲಿ ಬಂತು. ಯಾವ ಭಾಗ ಯಾರಿಗೆ ಎಂದಾಗ ಅವನು, "ತಮ್ಮ ಮೊದಲು ಆರಿಸಿಕೊಳ್ಳಲಿ" ಎಂದ. ನಾನು ಬಿಡುತ್ತೇನೆಯೇ? ದೊಡ್ಡ ಮರವಿದ್ದ ಹಿತ್ತಲನ್ನೇ ಆರಿಸಿದೆ. ಅಗಲ ಎಲೆಯ ಹಳೆಯ ಮರ, ಇಬ್ಬರು ತೋಳು ಚಾಚಿದರೂ ಅಪ್ಪಲಾಗದ ಬೊಡ್ಡೆ. ಅವನ ಪಾಲಿಗೆ ಬಂದದ್ದು ಆ ಮರದ ನೆರಳು ಬೀಳುವ ಕತ್ತಲ ತುಂಡು. ಅಲ್ಲಿ ಬಟ್ಟೆ ಒಣಗುತ್ತಿರಲಿಲ್ಲ, ಕಲ್ಲಿನ ಮೇಲೆಲ್ಲ ಪಾಚಿ. ಅವತ್ತು ರಾತ್ರಿ ಹೆಂಡತಿಗೆ, "ನೋಡಿದೆಯಾ ಹೇಗೆ ಹೊಡೆದೆ" ಎಂದು ಹೇಳಿಕೊಂಡು ಮಲಗಿದ್ದೆ.

ನಾನು ವೈರಿಂಗ್ ಕೆಲಸದವನು. ಬೀದಿಯವರು ನನ್ನನ್ನು ‘ಫ್ಯೂಸು’ ಎನ್ನುತ್ತಾರೆ, ಕೆಲಸಕ್ಕಿಂತ ಹೆಚ್ಚಾಗಿ ಸಿಟ್ಟಿಗೆ ಬಂದ ಹೆಸರು. ಅವನು ಪುಸ್ತಕಗಳಿಗೆ ರಟ್ಟು ಕಟ್ಟುವವನು, ‘ಗೋಂದು’. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬಿಚ್ಚಿಹೋದ ಪುಸ್ತಕವನ್ನು ಸೂಜಿ ದಾರದಲ್ಲಿ ಹೊಲಿದು, ಬೆನ್ನಿಗೆ ಗೋಂದು ಬಳಿದು, ರಟ್ಟು ಕೂರಿಸಿ, ಕಬ್ಬಿಣದ ಪ್ರೆಸ್ಸಿನಲ್ಲಿಟ್ಟು ಚಕ್ರ ತಿರುಗಿಸಿ ಬಿಗಿದನೆಂದರೆ ಮುಗಿಯಿತು, ಮರುದಿನದವರೆಗೆ ದೇವರೇ ಬಂದು ಕೇಳಿದರೂ ತೆಗೆಯುವುದಿಲ್ಲ. "ಸ್ವಲ್ಪ ತೆಗೆದು ತೋರಿಸಿ ಸಾರ್, ಹೇಗೆ ಬಂದಿದೆ ನೋಡ್ತೀನಿ" ಎಂದು ಗಿರಾಕಿಗಳು ಗೋಗರೆದರೆ, "ನೋಡಿದ್ರೆ ಕೆಡುತ್ತೆ, ನಾಳೆ ಬನ್ನಿ" ಎನ್ನುತ್ತಾನೆ. ನನ್ನ ಕಸುಬು ಇದಕ್ಕೆ ತದ್ವಿರುದ್ಧ. ದೀಪ ಹತ್ತದಿದ್ದರೆ ನಾನು ಮೊದಲು ಮಾಡುವ ಕೆಲಸವೇ ಬಿಚ್ಚಿ ನೋಡುವುದು. ಸ್ವಿಚ್ಚು ಬಿಚ್ಚು, ಹೋಲ್ಡರ್ ಬಿಚ್ಚು, ಟೆಸ್ಟರ್ ಇಟ್ಟು ನೋಡು. ನೋಡದೆ ನಂಬಿದವನು ಶಾಕ್ ಹೊಡೆದು ಸಾಯುತ್ತಾನೆ.

ಹನ್ನೆರಡು ವರ್ಷಗಳ ಹಿಂದೆ ನರ್ಸರಿಯವನೊಬ್ಬ ತನ್ನ ತಂದೆಯ ಕಾಲದ ಗಿಡಗಳ ಪುಸ್ತಕವೊಂದನ್ನು ಕಟ್ಟಿಸಿಕೊಂಡು ಹೋದ. ಕೆಲಸ ನೋಡಿ ಖುಷಿಯಾಗಿ ಒಂದು ಪುಟ್ಟ ಕುಂಡ ತಂದುಕೊಟ್ಟ. ಹೋಸ್ಟಾ ಎಂಬ ಗಿಡ. ಆಗ ಅದಕ್ಕಿದ್ದದ್ದು ಮೂರು ಎಲೆ. "ಬಿಸಿಲು ಬೇಡ, ನೆರಳಲ್ಲಿಡಿ, ಮತ್ತೆ ಮುಟ್ಟಬೇಡಿ" ಎಂದಿದ್ದನಂತೆ. ಮುಟ್ಟಬೇಡಿ ಎಂದರೆ ಮುಟ್ಟದೇ ಇರುವುದರಲ್ಲಿ ನನ್ನ ಷಡ್ಡಕನನ್ನು ಮೀರಿಸುವವರಿಲ್ಲ. ಪಾಚಿ ಕಟ್ಟಿದ ಕಲ್ಲುಗಳನ್ನು ಸರಿಸಿ, ಉದುರಿದ ಎಲೆ ಕೊಳೆತು ಕಪ್ಪಾಗಿದ್ದ ಮಣ್ಣಿನಲ್ಲಿ ನೆಟ್ಟು, ನೀರು ಹಾಕಿ ಒಳಗೆ ಹೋದ.

ಮೊದಲ ವರ್ಷ ಅದು ನಿದ್ದೆ ಮಾಡಿತು. ಎರಡನೆಯ ವರ್ಷ ತೆವಳಿತು. ಚಳಿಗಾಲ ಬಂದರೆ ಎಲೆಯೆಲ್ಲ ಹಳದಿಯಾಗಿ ಕರಗಿ, ಗಿಡವಿತ್ತೆಂಬ ಗುರುತೂ ಇರುತ್ತಿರಲಿಲ್ಲ. ಆಗ ನಾನು ಬೇಲಿಯ ಈಚೆಯಿಂದ, "ಹೋಯ್ತಲ್ಲ ಭಾವ, ಪಾಪ" ಎನ್ನುತ್ತಿದ್ದೆ. ಅವನು, "ಮಲಗಿದೆ ಕಣಯ್ಯ" ಎನ್ನುತ್ತಿದ್ದ. ಬೇಸಿಗೆಗೆ ಮುಂಚೆ ಮಣ್ಣು ಸೀಳಿಕೊಂಡು ಹೆಬ್ಬೆರಳಿನಂಥ ಚೂಪು ಮೊಳಕೆಗಳು ಏಳುತ್ತಿದ್ದವು, ಪ್ರತಿವರ್ಷವೂ ಹಿಂದಿನ ವರ್ಷಕ್ಕಿಂತ ಹೆಚ್ಚು. ಐದನೆಯ ವರ್ಷದ ಹೊತ್ತಿಗೆ ಒಂದೊಂದು ಎಲೆಯೂ ಊಟದ ತಟ್ಟೆಯಷ್ಟು. ನಡುವೆ ನೀಲಿ ಬೆರೆತ ಗಾಢ ಹಸಿರು, ಅಂಚಿಗೆ ಎರಡು ಬೆರಳಗಲ ಬೆಣ್ಣೆಯ ಬಣ್ಣ. ಆ ಕತ್ತಲ ಹಿತ್ತಲಿನಲ್ಲಿ ದೀಪವಿಲ್ಲದೆಯೂ ಅಷ್ಟು ಜಾಗ ಬೆಳಗುತ್ತಿತ್ತು. ದೀಪದ ಕೆಲಸ ನನ್ನದು, ಬೆಳಕು ಅವನ ಹಿತ್ತಲಲ್ಲಿ!

ಈ ಗಿಡಕ್ಕೆ ಶತ್ರು ಒಂದೇ, ಚಿಪ್ಪಿಲ್ಲದ ಬಸವನಹುಳು. ರಾತ್ರಿ ಬಂದು ಎಲೆಯನ್ನು ಜರಡಿ ಮಾಡಿಹೋಗುತ್ತದೆ. ಅವನು ಅಂಗಡಿಯಲ್ಲಿ ಉಳಿದ ರಟ್ಟಿನ ತುಂಡುಗಳನ್ನು ನೀರಿನಲ್ಲಿ ನೆನೆಸಿ ಸಂಜೆ ಗಿಡದ ಸುತ್ತ ಹಾಸುತ್ತಿದ್ದ. ಬೆಳಗ್ಗೆ ರಟ್ಟು ಮಗುಚಿದರೆ ಹುಳುಗಳೆಲ್ಲ ಅದರಡಿ ತಣ್ಣಗೆ ಮಲಗಿರುತ್ತಿದ್ದವು. ಅವನ್ನು ಡಬ್ಬಿಗೆ ತುಂಬಿಕೊಂಡು, ಬೀದಿ ಕೊನೆಯ ಚರಂಡಿಯವರೆಗೂ ನಡೆದು, ಅಲ್ಲಿ ಬಿಟ್ಟು ಬರುತ್ತಿದ್ದ. ಕೊಲ್ಲುತ್ತಿರಲಿಲ್ಲ. ಹುಳುವಿನ ಹತ್ತಿರವೂ ಒಳ್ಳೆಯ ಹೆಸರು ಬೇಕು ಮಹಾರಾಯನಿಗೆ.

ನನ್ನ ಹೆಂಡತಿ ಬೆಳಗ್ಗೆ ಎದ್ದವಳೇ ಲೋಟ ಹಿಡಿದು ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. "ಬನ್ರೀ ನೋಡಿ, ಭಾವನ ಗಿಡದಲ್ಲಿ ಇವತ್ತು ಇನ್ನೊಂದು ಎಲೆ ಬಿಚ್ಚಿದೆ." ನಾನು ಮನೆಯ ವೈರಿಂಗ್ ಪೂರ್ತಿ ಹೊಸದಾಗಿ ಎಳೆದಾಗ ಅವಳು ಒಂದು ಸಲ ಮೇಲೆ ನೋಡಿ, "ಚೆನ್ನಾಗಿದೆ" ಎಂದವಳು. ಒಂದು ಎಲೆಗೆ ಇಷ್ಟು ಸಂಭ್ರಮ. ಹೊಟ್ಟೆಕಿಚ್ಚು ಎಂಬ ಮಾತನ್ನು ಎಲ್ಲರೂ ಬಾಯಿಮಾತಿಗೆ ಹೇಳುತ್ತಾರೆ. ನನಗೆ ಅದು ನಿಜವಾಗಿಯೂ ಹೊಟ್ಟೆಯಲ್ಲೇ, ಎದೆಗೂಡಿನ ಕೆಳಗೆ, ಎಡಗಡೆಗೆ ಉರಿಯುತ್ತಿತ್ತು. ಮಾತ್ರೆ ನುಂಗಿದರೂ ಹೋಗುತ್ತಿರಲಿಲ್ಲ.

ಆರನೆಯ ವರ್ಷ ಅವನೇ ಕರೆದ. "ಬಾರಯ್ಯ, ನಿಂಗೂ ಒಂದು ತುಂಡು ಕೊಡ್ತೀನಿ. ನಿನ್ನ ಮರದ ಬುಡದಲ್ಲಿ ಇದಕ್ಕಿಂತ ಚೆನ್ನಾಗಿ ಬರುತ್ತೆ." ಬುಡದಿಂದ ಒಂದು ಪಾಲು ಸೀಳಿ ಕೈಗಿಟ್ಟ. ಕೇಳದೇ ಕೊಟ್ಟ, ನಗುತ್ತಾ ಕೊಟ್ಟ. ಸರಿ, ಈಗ ನೋಡೋಣ ಎಂದುಕೊಂಡು ನೆಟ್ಟೆ. ಹದಿನೈದು ದಿನ ಕಾದೆ. ಏನೂ ಕಾಣಲಿಲ್ಲ. ಕನೆಕ್ಷನ್ ಸಿಕ್ಕಿದೆಯೋ ಇಲ್ಲವೋ ಎಂದು ಕಿತ್ತು ನೋಡಿದೆ.

"ಕಿತ್ತುಬಿಟ್ಟೆಯೇನಯ್ಯ?" ಎಂದ ಅವನು ಬೇಲಿಯ ಆಚೆಯಿಂದ.

"ಬೇರು ಹಿಡಿದಿದೆಯಾ ಅಂತ ನೋಡ್ದೆ ಭಾವ."

"ಹಿಡಿದಿತ್ತಾ?"

"ಹಿಡೀತಾ ಇತ್ತು."

"ಈಗ?"

ನಾನು ಬೇಗಬೇಗ ಮಣ್ಣು ಮುಚ್ಚಿದೆ. ಆಮೇಲೆ ಜಾಗ ಸರಿಯಿಲ್ಲವೆಂದು ಮರದ ಇನ್ನೊಂದು ಬದಿಗೆ ಹಾಕಿದೆ. ಅಲ್ಲಿ ಗಾಳಿ ಜಾಸ್ತಿಯೆನ್ನಿಸಿ ಬಚ್ಚಲ ಹತ್ತಿರ ಹಾಕಿದೆ. ಮುಂದಿನ ವರ್ಷ ಮತ್ತೆ ಮರದ ಬುಡಕ್ಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನಗೂ ನೆಲದ ಮೇಲೇ ಅನುಮಾನ. ನೆಲ ಬದಲಾದರೂ ಗಿಡ ಅಂಗೈಗಿಂತ ದೊಡ್ಡದಾಗಲಿಲ್ಲ. ಕಡೆಗೆ ಅನುಮಾನವೆಲ್ಲ ಅವನ ಮೇಲೆಯೇ ತಿರುಗಿತು. ಬೇಕೆಂತಲೇ ಸತ್ತ ತುಂಡು ಕೊಟ್ಟಿದ್ದಾನೆ ಎಂದು ಹೆಂಡತಿಗೆ ಹೇಳಿದೆ. ಅವಳು, "ಭಾವನಾ? ನೀವು ಬಿಡ್ರೀ" ಎಂದು ನಕ್ಕಳು. ಆ ನಗು ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತಾಯಿತು.

ಹೀಗೇ ಐದು ವರ್ಷ ಕಳೆಯಿತು. ಹೋದ ವರ್ಷ ಬೇಸಿಗೆಯ ಶುರುವಿನಲ್ಲಿ ಗಿಡ ಬೆಳೆಸುವವರ ಸಂಘದಿಂದ ಒಬ್ಬ ಮೇಡಂ ಬಂದರು. ನಿವೃತ್ತ ಹೆಡ್‌ಮಿಸ್, ಅಗಲ ಟೋಪಿ, ಕುತ್ತಿಗೆಗೆ ಕ್ಯಾಮೆರಾ. ಸಂಘದ ತಿಂಗಳ ಹಾಳೆಗೆ ಅವನ ಗಿಡದ ಚಿತ್ರ ಬೇಕಾಗಿತ್ತಂತೆ. ಅವನು ತನ್ನ ಅಂಗಡಿಯ ಸ್ಟೀಲ್ ಪಟ್ಟಿ ತಂದು ಅಳೆದು ತೋರಿಸಿದ. ಈ ತುದಿಯಿಂದ ಆ ತುದಿಗೆ ಐದು ಅಡಿ ಎರಡು ಇಂಚು. ಬೇಲಿಯ ಈಚೆ ನಾನು ಕೆಲಸವಿಲ್ಲದಿದ್ದರೂ ಒಂದು ಪ್ಲಗ್ಗಿನ ಸ್ಕ್ರೂ ಬಿಗಿಯುತ್ತಾ ನಿಂತಿದ್ದೆ.

"ಏನು ಗೊಬ್ಬರ ಹಾಕ್ತೀರಿ?" ಎಂದರು ಮೇಡಂ.

"ಎಲೆ ಗೊಬ್ಬರ. ಮತ್ತೇನಿಲ್ಲ, ಸುಮ್ನೆ ಬಿಟ್ಟುಬಿಡ್ತೀನಿ. ಎಲ್ಲಾ ಈ ನೆರಳಿನ ಮಹಿಮೆ. ಮರ ನಮ್ಮ ಷಡ್ಡಕಂದು. ಅರ್ಧ ಹೆಸರು ಅವನಿಗೇ ಸೇರ್ಬೇಕು."

ಮೇಡಂ ಬೇಲಿಯ ಮೇಲಿಂದ ಬಗ್ಗಿ ನನ್ನ ಕಡೆ ನೋಡಿದರು. "ಓ, ನೀವೂ ಬೆಳೆಸ್ತೀರಾ? ಇದ್ಯಾವುದೋ ಪುಟಾಣಿ ಜಾತಿ ಇರ್ಬೇಕು."

"ಅದೇ ಜಾತಿ. ಅದರದ್ದೇ ತುಂಡು" ಎಂದೆ.

"ಹಾಗಾ! ಈಗಷ್ಟೇ ನೆಟ್ಟಿದ್ದಾ?"

"ಐದು ವರ್ಷ ಆಯ್ತು" ಎಂದಳು ನನ್ನ ಹೆಂಡತಿ, ಕೇಳದಿದ್ದರೂ.

ಮೇಡಂ ಪಾಪ, ನಗಲಿಲ್ಲ. "ಆಗುತ್ತೆ, ಆಗುತ್ತೆ" ಎಂದರು, ಫೇಲಾದ ಹುಡುಗನಿಗೆ ಹೇಳುವ ಹಾಗೆ. ನಾನು ಪ್ಲಗ್ಗಿನ ಸ್ಕ್ರೂವನ್ನು ಎಷ್ಟು ಬಿಗಿದೆನೆಂದರೆ ಪ್ಲಗ್ಗೇ ಒಡೆದು ಎರಡಾಯಿತು.

ಆ ರಾತ್ರಿಯೆಲ್ಲ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಮರ ನನ್ನದು. ನೆರಳು ನನ್ನ ಮರದ್ದು. ನನ್ನ ನೆರಳಲ್ಲಿ ಅವನು ಹೆಸರು ಮಾಡುತ್ತಾನೆ, ಸಾಲದ್ದಕ್ಕೆ ಅದರಲ್ಲಿ ಅರ್ಧವನ್ನು ನನಗೆ ದಾನ ಬೇರೆ ಮಾಡುತ್ತಾನೆ. ನನ್ನ ಮರದ ಕೊಂಬೆ ನಾನು ಕಡಿದರೆ ಕೇಳುವವರು ಯಾರು?

ಭಾನುವಾರ ಬೆಳಗ್ಗೆ ಏಣಿ ಹಾಕಿದೆ. ನನ್ನ ಎಡ ಮೊಣಕಾಲು ಸ್ವಲ್ಪ ಕೈಕೊಡುತ್ತದೆ, ಅದು ಅವನಿಗೆ ಗೊತ್ತು. ಏಣಿಯ ಸದ್ದು ಕೇಳಿ ಬೇಲಿ ದಾಟಿ ಬಂದ.

"ಏನಯ್ಯ ಬೆಳಗ್ಗೆ ಬೆಳಗ್ಗೆ?"

"ಕೊಂಬೆ ವೈರಿಗೆ ತಾಗ್ತಾ ಇದೆ ಭಾವ. ಮಳೆಗಾಲದಲ್ಲಿ ಅಪಾಯ. ಕಡೀಬೇಕು."

ಅವನು ತಲೆಯೆತ್ತಿ ನೋಡಿದ. ಕಂಬದಿಂದ ನಮ್ಮ ಮನೆಗಳಿಗೆ ಬರುವ ವೈರು ಮುಂದಿನ ಬೀದಿಯ ಕಡೆಯಿಂದ ಬರುತ್ತದೆ. ಮರವಿರುವುದು ಹಿತ್ತಲಿನಲ್ಲಿ. ನಡುವೆ ಇಡೀ ಮನೆಯೇ ಇದೆ. ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಅವನು ಮರ ನೋಡಿದ, ನನ್ನನ್ನು ನೋಡಿದ. "ವೈರಿನ ವಿಷಯ ನಿಂಗೇ ಗೊತ್ತು" ಎಂದು ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತ. ನಾನು ಅವನ ಕಡೆಗೆ ಚಾಚಿದ್ದ ಐದು ಕೊಂಬೆಗಳನ್ನು ಒಂದಾದಮೇಲೆ ಒಂದು ಕಡಿದೆ. ಕೆಳಗೆ ಬೀಳುವಾಗ ಅವನು, "ಸ್ವಲ್ಪ ಈಚೆಗೆ ಬೀಳಿಸಯ್ಯ" ಎಂದು ಮಾತ್ರ ಹೇಳಿದ. ಐದನೆಯದು ಬಿದ್ದಾಗ ಅವನ ಹಿತ್ತಲಿಗೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಿಸಿಲು ಬಿತ್ತು.

ಸುಳ್ಳು ಯಾಕೆ ಹೇಳಲಿ, ಎರಡು ದಿನ ಹೊಟ್ಟೆ ತಣ್ಣಗಿತ್ತು. ಅನ್ನ ರುಚಿಸಿತು. ಮೂರನೆಯ ದಿನ ಬೆಣ್ಣೆಯ ಅಂಚುಗಳು ಇಸ್ತ್ರಿಪೆಟ್ಟಿಗೆ ತಾಗಿದ ಬಟ್ಟೆಯ ಹಾಗೆ ಕಂದಾದವು. ಅವನು ನಾಲ್ಕು ಕೋಲು ನೆಟ್ಟು, ಪುಸ್ತಕಕ್ಕೆ ಹಾಕುವ ಕ್ಯಾಲಿಕೊ ಬಟ್ಟೆಯನ್ನೇ ಚಪ್ಪರದಂತೆ ಕಟ್ಟಿದ. ಗಾಳಿಗೆ ಅದು ಹಾರಿತು. ಮತ್ತೆ ಕಟ್ಟಿದ, ಮತ್ತೆ ಹಾರಿತು. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ತಾನೇ ಛತ್ರಿ ಹಿಡಿದು ಗಿಡದ ಪಕ್ಕ ಕುಳಿತಿದ್ದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ನನ್ನ ಹೆಂಡತಿಯೂ ನೋಡಿದಳು. ಅವಳು ನನ್ನ ಕಡೆ ತಿರುಗಿ, "ಯಾವ ವೈರು ರೀ?" ಎಂದಳು. ನಾನು ಬೂಟು ಹಾಕಿಕೊಂಡು ಕೆಲಸಕ್ಕೆ ಹೊರಟುಬಿಟ್ಟೆ.

ಹತ್ತನೆಯ ದಿನ ಅವನು ನಮ್ಮ ಬಾಗಿಲಿಗೆ ಬಂದ. ಜಗಳಕ್ಕೆಂದೇ ಬಂದ ಎಂದುಕೊಂಡು ನಾನು ಎಲ್ಲ ಉತ್ತರಗಳನ್ನೂ ಹುರಿದು ಇಟ್ಟುಕೊಂಡಿದ್ದೆ. ನನ್ನ ಮರ, ನನ್ನ ಹಕ್ಕು, ಸುರಕ್ಷತೆ, ಹೀಗೆ. ಅವನು ಚಪ್ಪಲಿ ಹೊರಗೇ ಬಿಟ್ಟು ನಿಂತು ಕೇಳಿದ: "ನೆರಳು ಇನ್ನು ಉಳಿದಿರೋದು ನಿನ್ನ ಕಡೆ ಮಾತ್ರ ಕಣಯ್ಯ. ನಿಂಗೆ ತೊಂದ್ರೆ ಇಲ್ದಿದ್ರೆ ಗಿಡಾನ ನಿನ್ನ ಮರದ ಬುಡಕ್ಕೆ ಹಾಕ್ಲಾ? ಅಲ್ಲಾದ್ರೂ ಬದುಕಲಿ."

ಹುರಿದಿಟ್ಟ ಉತ್ತರಗಳಲ್ಲಿ ಇದಕ್ಕೆ ಯಾವುದೂ ಸರಿಹೊಂದಲಿಲ್ಲ. "ಹಾಕಿ ಭಾವ" ಎಂದೆ.

ಇಬ್ಬರೂ ಸೇರಿ ಅಗೆದೆವು. ಬೇರಿನ ಮುದ್ದೆಯೇ ಒಂದು ದೊಡ್ಡ ಪಾತ್ರೆಯಷ್ಟಿತ್ತು. ಗೋಣಿಯ ಮೇಲೆ ಹಾಕಿ ಎಳೆದು ತಂದೆವು. ಮರದ ಬುಡದಲ್ಲಿ ಒಳ್ಳೆಯ ಜಾಗವೆಂದರೆ ನನ್ನ ಅಂಗೈ ಗಿಡ ಕೂತಿದ್ದದ್ದೇ. ಅದನ್ನು ಕಿತ್ತು ನೀರಿನ ಡ್ರಮ್ಮಿನ ಹಿಂದಿನ ಮೂಲೆಗೆ ತುರುಕಿದೆ. ಕಳೆದ ಐದು ವರ್ಷಗಳಲ್ಲಿ ಅದರ ಏಳನೆಯ ವರ್ಗಾವಣೆ ಅದು. ಬಿಸಿಲುಗಾಲದಲ್ಲಿ ದೊಡ್ಡ ಗಿಡವನ್ನು ಕದಲಿಸಬಾರದೆಂದು ಅವನಿಗೆ ಗೊತ್ತಿತ್ತು. ಅವನಿಗೆ ಬೇರೆ ದಾರಿಯಿರಲಿಲ್ಲ. ಎಲೆಗಳಲ್ಲಿ ಅರ್ಧದಷ್ಟನ್ನು ತಾನೇ ಕತ್ತರಿಸಿ ಹಗುರ ಮಾಡಿದ. ಹೊರಡುವಾಗ, "ಇನ್ನು ಇದನ್ನ ಕೀಳಬೇಡ ಕಣಯ್ಯ" ಎಂದ.

ಸಂಘದ ಹಾಳೆ ಬಂದದ್ದು ಆ ತಿಂಗಳೇ. ಚಿತ್ರ ನೋಡಿ ಗಿಡ ಹುಡುಕಿಕೊಂಡು ಜನ ಬರತೊಡಗಿದರು. ಬಂದವರಿಗೆ ಅದು ಕಂಡದ್ದು ನನ್ನ ಹಿತ್ತಲಿನಲ್ಲಿ. ಅರ್ಧ ಎಲೆಗಳಿದ್ದರೂ ಬೀದಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. "ನಿಮ್ಮದಾ?" ಎಂದರೆ, "ಇಲ್ಲೇ ಇದೆಯಲ್ಲ" ಎನ್ನುತ್ತಿದ್ದೆ. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಕೈಕುಲುಕಿದರು, ಕುಲುಕಿಸಿಕೊಂಡೆ. ಒಮ್ಮೆ ಹೀಗೆ ಹೊಗಳಿಸಿಕೊಳ್ಳುತ್ತಿರುವಾಗ ಅವನು ಬೇಲಿಯ ಆಚೆಗೇ ನಿಂತಿದ್ದ. ಈಗಲಾದರೂ ಮುಖ ಬಾಡುತ್ತದೆ, ಬಾಡಬೇಕು ಎಂದು ನಾನು ಆಸೆಯಿಂದ ನೋಡಿದೆ. ಅವನು ಬಂದವರಿಗೆ, "ದಿನಾ ಬುಡಕ್ಕೇ ನೀರು ಹಾಕ್ತಾನೆ, ಎಲೆ ಮೇಲೆ ಹಾಕಲ್ಲ. ಮುತುವರ್ಜಿ ಜಾಸ್ತಿ" ಎಂದ. ಗಿಡ ಕೈಗೆ ಬಂತು, ಹೆಸರು ಬಂತು, ಉರಿ ಮಾತ್ರ ಇದ್ದಲ್ಲೇ ಇತ್ತು. ನನಗೆ ಬೇಕಾಗಿದ್ದದ್ದು ಗಿಡವೇ ಅಲ್ಲ. ಆ ಮನುಷ್ಯ ಒಂದೇ ಒಂದು ದಿನ ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕಾಗಿತ್ತು.

ಚಳಿಗಾಲಕ್ಕೆ ಎಲೆಗಳು ಕರಗಿದವು. ಚಳಿ ಕಳೆಯಿತು. ಬೇಸಿಗೆಗೆ ಮುಂಚಿನ ದಿನಗಳು ಬಂದವು, ಮರ ಚಿಗುರಿತು, ಕಡಿದ ಕೊಂಬೆಗಳ ಮೋಟುಗಳಲ್ಲೂ ಗುಚ್ಛ ಗುಚ್ಛವಾಗಿ ಎಲೆ ಬಂತು. ದೊಡ್ಡ ಗಿಡದ ಜಾಗದಲ್ಲಿ ಮಣ್ಣು ಮಾತ್ರ. ದಿನಕ್ಕೆ ಐದು ಸಲ ಹೋಗಿ ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದೆ.

"ಏನೂ ಇಲ್ಲ ಭಾವ" ಎಂದೆ.

"ಕದಲಿಸಿದ್ದೀವಲ್ಲ, ತಡವಾಗುತ್ತೆ. ಇನ್ನೊಂದು ಹದಿನೈದು ದಿನ ತಡಿ."

ಹದಿನೈದು ದಿನ! ಸತ್ತಿದ್ದರೆ? ಸತ್ತಿದ್ದರೆ ಅದು ನನ್ನ ಹಿತ್ತಲಲ್ಲಿ ಸತ್ತಹಾಗೆ. ಕೊಂಬೆ ಕಡಿದವನೂ ನಾನೇ, ಕೊಂದವನೂ ನಾನೇ ಎಂದಾಗುತ್ತದೆ. ಮೂರು ದಿನ ತಡೆದೆ. ನಾಲ್ಕನೆಯ ದಿನ ಕೆಲಸದಿಂದ ಬಂದವನು ಬೂಟು ಕೂಡ ಬಿಚ್ಚದೆ, ಜೇಬಿನಲ್ಲಿದ್ದ ಉದ್ದ ಸ್ಕ್ರೂಡ್ರೈವರನ್ನು ಮಣ್ಣಿಗೆ ಚುಚ್ಚಿದೆ. ಎಲ್ಲಿ ಗಟ್ಟಿಯಿದೆ, ಎಲ್ಲಿ ಮೆತ್ತಗಿದೆ ಎಂದು ಹತ್ತಾರು ಕಡೆ ಚುಚ್ಚಿ ನೋಡಿದೆ. ಏನೋ ಲಟಕ್ಕೆಂದಿತು. ಬೆರಳಲ್ಲಿ ಕೆದಕಿದರೆ ಮೇಲೆ ಬರಲು ಒಂದೇ ಇಂಚು ಬಾಕಿಯಿದ್ದ ಆರು ಮೊಳಕೆಗಳು, ಬಿಳಿ ತುದಿ, ದಪ್ಪ ದಪ್ಪ. ಆರೂ ಮುರಿದಿದ್ದವು. ಬುಡಕ್ಕೆಲ್ಲ ತೂತು. ಮಣ್ಣು ಮುಚ್ಚಿ, ಯಾರಿಗೂ ಹೇಳದೆ ಒಳಗೆ ಹೋದೆ. ಮರುದಿನದಿಂದ ಒಂದು ವಾರ ಹಿಡಿದುಕೊಂಡ ಮಳೆ. ಮಳೆ ನಿಂತ ಮೇಲೆ ಅಗೆದಾಗ ಗಡ್ಡೆ ಕೈಯಲ್ಲೇ ಮುದ್ದೆಯಾಗಿ ಕಳಚಿ ಬಂತು, ಕೆಟ್ಟ ವಾಸನೆ.

ಮುಚ್ಚಿಡಬಹುದಾಗಿತ್ತು. ಬರಲೇ ಇಲ್ಲ ಎಂದಿದ್ದರೆ ಅವನು ನಂಬುತ್ತಿದ್ದ. ನಂಬುತ್ತಾನೆ ಎಂಬುದೇ ನನ್ನನ್ನು ನಿಲ್ಲಗೊಡಲಿಲ್ಲ. ಆ ಕೊಳೆತ ಗಡ್ಡೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಅವನು ಒಂದು ಪುಸ್ತಕದ ಬೆನ್ನಿಗೆ ಗೋಂದು ಬಳಿಯುತ್ತಿದ್ದ. ಮೇಜಿನ ಮೇಲೆ ಪೇಪರು ಬಿಚ್ಚಿ ಎಲ್ಲವನ್ನೂ ಹೇಳಿದೆ. ಸ್ಕ್ರೂಡ್ರೈವರಿನ ವಿಷಯವನ್ನೂ ಹೇಳಿದೆ.

"ವೈರು ಇರ್ಲಿಲ್ಲ ಭಾವ" ಎಂದೂ ಹೇಳಿದೆ.

"ಅದು ನಂಗೆ ಅವತ್ತೇ ಕಾಣಿಸ್ತು." ಅವನು ಬ್ರಷ್ಷನ್ನು ಕೆಳಗಿಟ್ಟ. ಗಡ್ಡೆಯನ್ನು ಮುಟ್ಟಲಿಲ್ಲ. "ಹನ್ನೆರಡು ವರ್ಷ ಕಣೋ" ಎಂದ. ಇಷ್ಟು ವರ್ಷ ‘ಕಣಯ್ಯ’ ಎಂದವನು ಮೊದಲ ಸಲ ‘ಕಣೋ’ ಎಂದ. "ಬೇಕಾಗಿದ್ರೆ ಕೇಳೋದಲ್ವೇನೋ? ಇಡೀ ಗಿಡಾನೇ ಕೊಡ್ತಿದ್ದೆ."

"ಅದೇ ಭಾವ ನಂಗೆ ತಡೆಯೋಕಾಗದೇ ಇರೋದು! ನೀವು ಕೊಡ್ತೀರಿ. ಮನೆ ಹಂಚುವಾಗ ಮೊದಲು ಆರಿಸ್ಕೋ ಅಂತೀರಿ, ಗಿಡ ಕೊಡ್ತೀರಿ, ಹೆಸರಲ್ಲಿ ಅರ್ಧ ಕೊಡ್ತೀರಿ. ನಾನು ತಗೊಂಡು ತಗೊಂಡು ಸಣ್ಣವನಾಗಿಬಿಟ್ಟೆ." ನನ್ನ ದನಿ ಅಂಗಡಿಯ ಹೊರಗೂ ಕೇಳಿಸಿರಬೇಕು.

ಬಳಿದ ಗೋಂದು ಒಣಗುತ್ತಿತ್ತು, ಪುಸ್ತಕ ಕೆಡುತ್ತಿತ್ತು, ಅವನು ನೋಡಲಿಲ್ಲ. ಆಮೇಲೆ, "ಈಗ ಹೋಗು" ಎಂದ. ಆ ಅಂಗಡಿಯಲ್ಲಿ ಯಾರಿಗಾದರೂ ಅವನು ಹೋಗು ಎಂದದ್ದನ್ನು ನಾನು ಕಂಡಿರಲಿಲ್ಲ.

ನಾಲ್ಕು ದಿನ ಅವನು ಹಿತ್ತಲಿಗೇ ಬರಲಿಲ್ಲ. ಅತ್ತಿಗೆ ಬಟ್ಟೆ ಒಣಹಾಕಲು ಬಂದರೂ ನನ್ನ ಕಡೆ ನೋಡಲಿಲ್ಲ. ಐದನೆಯ ದಿನ ಸಂಜೆ ಬೇಲಿಯ ಹತ್ತಿರ ಬಂದು ನಿಂತು, ನನ್ನ ನೀರಿನ ಡ್ರಮ್ಮಿನ ಕಡೆ ಕೈ ತೋರಿಸಿದ.

"ಅದೇನು ಅಲ್ಲಿ?"

ಹೋಗಿ ನೋಡಿದೆ. ಒಂದು ವರ್ಷದಿಂದ ದೊಡ್ಡ ಗಿಡದ ಸಡಗರದಲ್ಲಿ ನಾನು ಮರೆತೇಬಿಟ್ಟಿದ್ದ ನನ್ನ ಅಂಗೈ ಗಿಡ. ಜೀವಮಾನದಲ್ಲಿ ಮೊದಲ ಸಲ ಇಡೀ ಒಂದು ವರ್ಷ ಯಾರೂ ಅದನ್ನು ಕಿತ್ತಿರಲಿಲ್ಲ. ಒಂಬತ್ತು ಮೊಳಕೆ, ಒಂದೊಂದೂ ನನ್ನ ಹೆಬ್ಬೆರಳಿಗಿಂತ ದಪ್ಪ.

"ಒಂಬತ್ತಿದೆ ಭಾವ" ಎಂದೆ. ಸಂತೋಷ ತಡೆಯಲಾಗಲಿಲ್ಲ, ಅದು ಅವನಿಗೂ ಕೇಳಿಸಿತು.

"ನಂಗೆ ಅದರಲ್ಲಿ ಒಂದು ತುಂಡು ಕೊಡ್ತೀಯಾ?" ಎಂದ. "ಈ ಸಲ ನೀನು ಕೊಡು."

ಬೇಡಿದವನ ಹಾಗೆ ನಿಂತಿರಲಿಲ್ಲ, ಪರೀಕ್ಷೆ ಮಾಡುವವನ ಹಾಗೂ ಇರಲಿಲ್ಲ. ಅವನಿಗೆ ನಿಜವಾಗಿ ಗಿಡ ಬೇಕಾಗಿತ್ತು. ಕೊಡುತ್ತೇನೆ ಎಂದೆ. ಹೆಂಡತಿಯ ಬ್ರೆಡ್ ಕೊಯ್ಯುವ ಚಾಕು ತಂದು ಗಡ್ಡೆಯನ್ನು ಅಗೆದು ತೊಳೆದು ಸೀಳಿದೆ. ಗಡ್ಡೆ ತನ್ನ ಇಷ್ಟದಂತೆ ಬಿಟ್ಟುಕೊಂಡಿತು, ಒಂದರಲ್ಲಿ ಆರು ಮೊಳಕೆ, ಇನ್ನೊಂದರಲ್ಲಿ ಮೂರು. ಎರಡೂ ನನ್ನ ಮುಂದೆ ಗೋಣಿಯ ಮೇಲೆ ಇದ್ದವು. ಆರರದ್ದನ್ನು ಕೈಗೆತ್ತಿಕೊಂಡೆ. ಎದೆಗೂಡಿನ ಕೆಳಗೆ, ಎಡಗಡೆಗೆ, ಚುರುಕ್ಕೆಂದಿತು. ಅದನ್ನು ಕೆಳಗಿಟ್ಟು ಮೂರರದ್ದನ್ನು ಬೇಲಿ ದಾಟಿಸಿ ಕೊಟ್ಟೆ.

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಗೋಣಿಯ ಮೇಲಿದ್ದ ಇನ್ನೊಂದು ತುಂಡು ಅವನಿಗೆ ಕಾಣುತ್ತಿತ್ತು. "ಚೆನ್ನಾಗಿದೆ" ಎಂದ. ಹಳೆಯ ಜಾಗದಲ್ಲಿ, ಈಗ ಮತ್ತೆ ಅರ್ಧದಷ್ಟು ನೆರಳು ಬರುತ್ತಿದ್ದ ಕಡೆ ನೆಟ್ಟು, ಸುತ್ತ ಮಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ನೀರು ಹಾಕಿದ. ನಾನೂ ನನ್ನ ಆರನ್ನು ಮರದ ಬುಡದಲ್ಲಿ ನೆಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. "ದೊಡ್ಡದು ಯಾರಿಗೆ ಕೊಟ್ರಿ?"

"ನಂಗೆ" ಎಂದೆ.

ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಒಳಗೆ ಹೋದಳು.

ಬೆಳಕು ಹರಿಯುವುದನ್ನೇ ಕಾದು, ಗುದ್ದಲಿ ಹಾಕಿ ಆರು ಮೊಳಕೆಯ ತುಂಡನ್ನು ಸುತ್ತಲಿನ ಮಣ್ಣಿನ ಸಮೇತ ಎತ್ತಿಕೊಂಡು ಬೇಲಿಯ ಹತ್ತಿರ ಹೋದೆ. ಅವನು ನೆನೆಸಿದ ರಟ್ಟುಗಳನ್ನು ಮಗುಚಿ ಹುಳು ಆರಿಸುತ್ತಿದ್ದ.

"ಭಾವ, ಬದಲಾಯಿಸಿಕೊಳ್ಳೋಣ. ಇದು ನಿಮಗೆ. ಅದು ನಂಗೆ ಕೊಡಿ."

ಅವನು ನನ್ನ ಕೈಯಲ್ಲಿದ್ದದ್ದನ್ನು ನೋಡಿ ಗಾಬರಿಯಾಗಿ ಎದ್ದ. "ಮತ್ತೆ ಕಿತ್ತೆಯೇನೋ! ಮೊದಲು ಹೋಗಿ ಮುಚ್ಚು. ನಾನು ಇದನ್ನ ನಿನ್ನೆ ನೆಟ್ಟಾಗಿದೆ, ಇನ್ನು ಕದಲಿಸಲ್ಲ."

"ಹಾಗಾದ್ರೆ ಎರಡೂ ನೀವೇ ಇಟ್ಕೊಳ್ಳಿ."

"ಬೇಡ. ಅಲ್ಲೇ ಇರ್ಲಿ. ಎಷ್ಟು ಸಲ ಅಂತ ಕೀಳ್ತೀಯಾ ಅದನ್ನ?" ಅವನ ದನಿ ಇಳಿಯಿತು. "ಇನ್ನು ಐದು ವರ್ಷ ಎರಡನ್ನೂ ಯಾರೂ ಮುಟ್ಟೋ ಹಾಗಿಲ್ಲ."

ಹೋಗಿ ಮತ್ತೆ ನೆಟ್ಟೆ. ಈಗ ಎರಡೂ ಎಲೆ ಬಿಟ್ಟಿವೆ. ಬೇಲಿಯ ಆಚೆ ಮೂರು ಮೊಳಕೆಯದ್ದು ಅಂಗೈಯಷ್ಟು, ಈಚೆ ನನ್ನದು ಅದರ ಎರಡರಷ್ಟು. ಹೋದವಾರ ಟೋಪಿ ಮೇಡಂ ಮತ್ತೆ ಬಂದಿದ್ದರು. ಆ ಕಡೆ ನೋಡಿದರು, ಈ ಕಡೆ ನೋಡಿದರು, ಕ್ಯಾಮೆರಾವನ್ನು ನನ್ನ ಗಿಡದ ಕಡೆ ತಿರುಗಿಸಿ, "ಈ ಸಲ ನಿಮ್ಮದೇ ದೊಡ್ಡದು!" ಎಂದರು. ಲೋಟ ಹಿಡಿದು ಬೇಲಿಯ ಹತ್ತಿರ ನಿಂತಿದ್ದ ನನ್ನ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೌದು ಮೇಡಂ ಎಂದೆ. ಇನ್ನೂ ನಾಲ್ಕು ವರ್ಷ ಹತ್ತು ತಿಂಗಳು ಬಾಕಿಯಿದೆ.